ಪಂಪು ಎತ್ತಿದ ನೀರು ಎಲ್ಲಿಂದ ಬಂತು?

ಒಬ್ಬರ ಹೊಲದಲ್ಲಿ ಹೊಸ ಬೋರು ಬೀಳುತ್ತೆ, ಎರಡು ಇಂಚು ನೀರು. ಆರು ತಿಂಗಳಿಗೆ ಪಕ್ಕದ ಹೊಲದ ಹಳೇ ಬೋರು ನಿಲ್ಲುತ್ತೆ. "ನಿಮ್ಮ ಬೋರಿನಿಂದಲೇ ನಮ್ಮದು ಹೋಯ್ತು" ಅಂತ ಅವರು. "ನನ್ನ ಹೊಲ, ನನ್ನ ಬೋರು, ನಿಮ್ಮ ನೀರು ನಾನ್ಯಾಕೆ ಮುಟ್ಟಲಿ" ಅಂತ ಇವರು. ರಾಯದುರ್ಗ, ಡಿ.ಹಿರೇಹಾಳ್, ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ – ನಾವು ಪಾಠ ಮಾಡುವ ಯಾವ ಕಡೆಗೂ ಈ ಜಗಳ ಹೊಸದಲ್ಲ. ಆ ಎರಡೂ ಮನೆಯ ಮಕ್ಕಳು ನಮ್ಮ ಒಂದೇ ತರಗತಿಯಲ್ಲಿ ಕೂತಿರುತ್ತಾರೆ. ಮೋಡ, ಮಳೆ, ಇಂಗುವಿಕೆ ಅಂತ ಜಲಚಕ್ರದ ಬಾಣಗಳನ್ನು ಬೋರ್ಡಿನ ಮೇಲೆ ಬರೆದು ಪಾಠ ಮುಗಿಸಿದರೆ ಅವರ ಪ್ರಶ್ನೆಗೆ ಉತ್ತರ ಸಿಗೋದಿಲ್ಲ. ಯಾಕಂದರೆ ಆ ಚಿತ್ರದಲ್ಲಿ ಪಂಪೇ ಇಲ್ಲ.

ಪಂಪು ಸೇರಿಸಿ ನೋಡೋಣ. ಬೇಕಾಗುವ ವಿಜ್ಞಾನವೆಲ್ಲ ಪ್ರೌಢಶಾಲೆಯ ಮಟ್ಟದ್ದೇ: ಒತ್ತಡ, ಸಾಂದ್ರತೆ, ಇಳಿಜಾರು.

ನೆಲದಡಿ ನದಿ ಇಲ್ಲ

ಮೊದಲು ಒಂದು ತಪ್ಪು ಕಲ್ಪನೆ ತೆಗೆಯಬೇಕು. ಪಾತಾಳಗಂಗೆ ಅಂತ ನಾವೆಲ್ಲ ಮಾತಿಗೆ ಹೇಳ್ತೀವಿ. ಮಕ್ಕಳು ಅದನ್ನು ನಿಜ ಅಂತಲೇ ತಿಳಿದಿರುತ್ತಾರೆ: ಕೆಳಗೆ ಎಲ್ಲೋ ಒಂದು ಹೊಳೆ ಹರೀತಿದೆ, ಆಳಕ್ಕೆ ಹೋದರೆ ಸಿಕ್ಕೇ ಸಿಗುತ್ತೆ ಅಂತ.

ಓಬಳಾಪುರದ ಬೆಟ್ಟಸಾಲು ಕಬ್ಬಿಣದ ಅದಿರಿನದು. ಅದರ ಬುಡದಿಂದ ಹಗರಿ ಕಡೆಗೆ ಚಾಚಿದ ಬಯಲು, ಹಾಗೆಯೇ ಮಡಕಶಿರಾದ ಗುಡ್ಡಗಾಡು, ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಕಲ್ಲು. ಗಟ್ಟಿ ಕಲ್ಲಿನೊಳಗೆ ನೀರು ನಿಲ್ಲಲು ಜಾಗವೇ ಇಲ್ಲ. ನೀರು ಇರೋದು ಎರಡೇ ಕಡೆ. ಒಂದು, ಮೇಲ್ಭಾಗದ ಸವೆದ ಕಲ್ಲಿನಲ್ಲಿ, ಅಂದರೆ ನಾವು ಗರಸು ಅನ್ನುವ ಪದರದಲ್ಲಿ. ಇದು ಸಾಮಾನ್ಯವಾಗಿ ಹತ್ತಿಪ್ಪತ್ತು ಮೀಟರ್ ದಪ್ಪ. ಇನ್ನೊಂದು, ಅದರ ಕೆಳಗಿನ ಕಲ್ಲಿನ ಬಿರುಕುಗಳಲ್ಲಿ. ಬೋರ್ ಲಾರಿಯವರು "ಗ್ಯಾಪ್ ಸಿಕ್ತು" ಅನ್ನೋದು ಇದಕ್ಕೇ. ಆಳಕ್ಕೆ ಹೋದಷ್ಟೂ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಕಡಿಮೆಯಾಗುತ್ತವೆ. ಹಾಗಾಗಿ ಇನ್ನೂರು ಅಡಿಯಲ್ಲಿ ಸಿಗದ ನೀರು ಎಂಟುನೂರು ಅಡಿಯಲ್ಲಿ ಸಿಕ್ಕೇ ಸಿಗುತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ.

ಎಷ್ಟು ನೀರು ಹಿಡಿದಿಟ್ಟಿರುತ್ತೆ? ಒಂದು ಘನ ಮೀಟರ್ ನೆನೆದ ಗರಸಿನಿಂದ ಬಸಿದು ಬರುವ ನೀರು ಸುಮಾರು 20 ಲೀಟರ್, ಅಂದರೆ ನೂರಕ್ಕೆ 2 ಪಾಲು. ಕಲ್ಲಿನ ಬಿರುಕಿನಲ್ಲಿ ಅದಕ್ಕಿಂತಲೂ ಕಡಿಮೆ. ಅದೇ ಹಗರಿ ಹಳ್ಳದ ಮರಳಾದರೆ ಒಂದು ಘನ ಮೀಟರಿಗೆ 150ರಿಂದ 200 ಲೀಟರ್ ಕೊಡಬಲ್ಲದು. ಮರಳಿನ ಲಾರಿ ಹೋದಾಗ ಏನು ಹೋಯಿತು ಅನ್ನೋದಕ್ಕೆ ಈ ಎರಡು ಅಂಕಿ ಸಾಕು.

ನೀರು ಹರಿಯೋದು ಯಾಕೆ, ಎಷ್ಟು ಬೇಗ?

1856ರಲ್ಲಿ ಫ್ರಾನ್ಸಿನ ಡಿಜೋನ್ ನಗರದ ನೀರು ಸರಬರಾಜು ನೋಡಿಕೊಂಡಿದ್ದ ಇಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಅಳೆದ ಫಲಿತಾಂಶ ಪ್ರಕಟಿಸಿದ. ಅವನು ಕಂಡುಕೊಂಡದ್ದು ಇಷ್ಟು:

ಹರಿಯುವ ನೀರು = ಪದರದ ಜಲವಾಹಕತೆ × ಅಡ್ಡಕೊಯ್ತದ ವಿಸ್ತೀರ್ಣ × ನೀರಿನ ಮಟ್ಟದ ಇಳಿಜಾರು

ಹತ್ತನೇ ತರಗತಿಯ ಓಮ್‌ನ ನಿಯಮ ನೆನಪಾಗುತ್ತೆ ಅಲ್ವಾ? ವಿಭವಾಂತರ ಇದ್ದರೆ ವಿದ್ಯುತ್ ಹರಿಯುತ್ತೆ, ಮಟ್ಟದಲ್ಲಿ ವ್ಯತ್ಯಾಸ ಇದ್ದರೆ ನೆಲದಡಿಯ ನೀರು ಹರಿಯುತ್ತೆ. ವ್ಯತ್ಯಾಸ ಇಲ್ಲದಿದ್ದರೆ ಎರಡೂ ನಿಲ್ಲುತ್ತವೆ.

ವೇಗ ಎಷ್ಟು ಅಂತ ಮಕ್ಕಳ ಕೈಲಿ ಲೆಕ್ಕ ಹಾಕಿಸಿ. ಒಳ್ಳೆಯ ಮರಳಿನ ಜಲವಾಹಕತೆ ದಿನಕ್ಕೆ 10 ಮೀಟರ್ ಅಂತ ಇಟ್ಟುಕೊಳ್ಳಿ. ಇಳಿಜಾರು 500 ಮೀಟರಿಗೆ 1 ಮೀಟರ್. ಮರಳಿನ ಕಾಲು ಭಾಗ ಖಾಲಿ ಜಾಗ. 10 × 1/500 ÷ 0.25 ಅಂದರೆ ದಿನಕ್ಕೆ 0.08 ಮೀಟರ್, ಒಂದು ಗೇಣಿಗಿಂತ ಕಡಿಮೆ. ವರ್ಷಕ್ಕೆ 29 ಮೀಟರ್. ಒಂದು ಕಿಲೋಮೀಟರ್ ದಾಟಲು 34 ವರ್ಷ! ನೆಲದಡಿಯ ನೀರು ಇರುವೆಗಿಂತಲೂ ನಿಧಾನ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ: ಕೆಟ್ಟ ನೀರು ಒಮ್ಮೆ ಒಳಗೆ ಬಂದರೆ ಅದು ಹೊರಗೆ ಹೋಗೋದೂ ಇದೇ ವೇಗದಲ್ಲಿ.

ಪಂಪು ಮಾಡುವ ತಗ್ಗು

ಮೋಟ್ರು ಹಾಕಿದ ತಕ್ಷಣ ಬೋರಿನೊಳಗಿನ ನೀರಿನ ಮಟ್ಟ ಇಳಿಯುತ್ತೆ. ಸುತ್ತಲಿನ ಮಟ್ಟ ಎತ್ತರದಲ್ಲೇ ಇದೆ. ಈಗ ಇಳಿಜಾರು ಹುಟ್ಟಿತು, ಎಲ್ಲ ದಿಕ್ಕಿನಿಂದ ನೀರು ಬೋರಿನ ಕಡೆ ಹರಿಯತೊಡಗಿತು. ಅಂದರೆ ಪಂಪು ಬರೀ ನೀರು ಎತ್ತೋದಿಲ್ಲ, ಸುತ್ತಲಿನ ನೀರಿನ ಇಳಿಜಾರನ್ನೇ ತನ್ನ ಕಡೆ ತಿರುಗಿಸುತ್ತೆ. ಇಡೀ ಪಾಠದ ಜೀವಾಳ ಈ ಒಂದು ವಾಕ್ಯ.

ಆ ಇಳಿಜಾರಿನ ಆಕಾರ ಹೇಗಿರುತ್ತೆ? ಬೋರಿನಿಂದ 100 ಮೀಟರ್ ದೂರದಲ್ಲಿ ಒಂದು ವೃತ್ತ ಎಳೆದರೆ ಅದರ ಸುತ್ತಳತೆ 628 ಮೀಟರ್. 1 ಮೀಟರ್ ದೂರದ ವೃತ್ತದ ಸುತ್ತಳತೆ 6.28 ಮೀಟರ್ ಮಾತ್ರ. ಅಷ್ಟೇ ನೀರು ನೂರು ಪಟ್ಟು ಕಿರಿದಾದ ದಾರಿಯಲ್ಲಿ ಹಾಯಬೇಕು, ಹಾಗಾಗಿ ಅಲ್ಲಿ ಇಳಿಜಾರು ನೂರು ಪಟ್ಟು ಕಡಿದಾಗಬೇಕು. ದೂರದಲ್ಲಿ ಸಪಾಟು, ಹತ್ತಿರ ಕಡಿದು – ಎಣ್ಣೆ ಸುರಿಯೋ ಲಾಳಿಕೆಯ ಆಕಾರ. ಪಂಪು ಎಷ್ಟು ಹೊತ್ತು, ಎಷ್ಟು ದಿನ ಓಡುತ್ತೋ ಅಷ್ಟು ಈ ಲಾಳಿಕೆ ಅಗಲವಾಗುತ್ತಾ ಹೋಗುತ್ತೆ. ಅದಕ್ಕೆ ಹೊಲದ ಬದು ಗೊತ್ತಾಗೋದಿಲ್ಲ.

ಎರಡು ಬೋರಿನ ಲಾಳಿಕೆಗಳು ಒಂದರ ಮೇಲೊಂದು ಬಂದರೆ ಇಳಿತಗಳು ಕೂಡಿಕೊಳ್ಳುತ್ತವೆ. ಒಂದರಿಂದ ಒಂದೂವರೆ ಮೀಟರ್, ಇನ್ನೊಂದರಿಂದ ಒಂದೂವರೆ ಮೀಟರ್ ಇಳಿದರೆ ನಡುವಿನ ಜಾಗದಲ್ಲಿ ಸುಮಾರು ಮೂರು ಮೀಟರ್. ನಮ್ಮಲ್ಲಿ 2004ರಿಂದ ಕೃಷಿಗೆ ಉಚಿತ ವಿದ್ಯುತ್ ಇದೆ, ಆದರೆ ಬರೋದು ದಿನಕ್ಕೆ ಕೆಲವೇ ಗಂಟೆ. ಬಹಳ ಮೋಟ್ರಿಗೆ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಊರಿನ ಮೋಟ್ರುಗಳೆಲ್ಲ ಒಟ್ಟಿಗೆ ಶುರು, ಲಾಳಿಕೆಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಆಗ ಕಡಿಮೆ ಆಳದ ಬೋರು ಇರುವ ಸಣ್ಣ ರೈತನ ಪೈಪು ಮೊದಲು ಗಾಳಿ ಎಳೆಯುತ್ತೆ.

ಹಾಗಾದರೆ ಜಗಳದಲ್ಲಿ ಯಾರದು ಸರಿ? ಕಲ್ಲುನೆಲದಲ್ಲಿ ಲಾಳಿಕೆ ದುಂಡಗೆ ಇರೋದಿಲ್ಲ, ಬಿರುಕಿನ ಉದ್ದಕ್ಕೆ ಚಾಚಿಕೊಳ್ಳುತ್ತೆ. ಒಂದೇ ಬಿರುಕಿನ ಮೇಲಿದ್ದರೆ 300 ಮೀಟರ್ ದೂರದ ಬೋರೂ ಇಳಿಯಬಹುದು, ಬೇರೆ ಬಿರುಕಾದರೆ 50 ಮೀಟರ್ ಹತ್ತಿರದ್ದೂ ಇಳಿಯದೆ ಇರಬಹುದು. ಊಹೆಯಿಂದ ಹೇಳೋಕಾಗಲ್ಲ, ಅಳೆದೇ ಹೇಳಬೇಕು. ಒಂದು ಬೋರು ನಾಲ್ಕು ಗಂಟೆ ಓಡಿಸಿ, ಓಡದೆ ನಿಂತ ಇನ್ನೊಂದರ ಮಟ್ಟವನ್ನು ಅರ್ಧ ಗಂಟೆಗೊಮ್ಮೆ ಅಳೆದರೆ ಸಂಬಂಧ ಇದೆಯೋ ಇಲ್ಲವೋ ಬಹಳಷ್ಟು ಸಲ ಅಲ್ಲೇ ಗೊತ್ತಾಗುತ್ತೆ. ಅಂತೂ "ನಿಮ್ಮ ನೀರು ನಾನ್ಯಾಕೆ ಮುಟ್ಟಲಿ" ಅನ್ನೋ ಮಾತು ವಿಜ್ಞಾನಕ್ಕೆ ನಿಲ್ಲೋದಿಲ್ಲ. ನೀರಿಗೆ ಸರ್ವೆ ನಂಬರು ಇಲ್ಲ.

ಮೂರೇ ಜಾಗ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಸಿ.ವಿ. ಥೈಸ್ 1935ರಲ್ಲಿ ಈ ಲಾಳಿಕೆ ಕಾಲಕ್ಕೆ ತಕ್ಕಂತೆ ಹೇಗೆ ಹರಡುತ್ತೆ ಅನ್ನೋದಕ್ಕೆ ಸಮೀಕರಣ ಕೊಟ್ಟ. ಕಾದ ಲೋಹದಲ್ಲಿ ಶಾಖ ಹರಡುವ ಗಣಿತವನ್ನೇ ನೀರಿಗೆ ಹೊಂದಿಸಿದ. 1940ರಲ್ಲಿ ಇನ್ನೊಂದು ಲೇಖನ ಬರೆದು ಸರಳವಾದ, ಆದರೆ ಬಹಳ ದೊಡ್ಡ ಮಾತು ಹೇಳಿದ. ಪಂಪು ಎತ್ತಿದ ಪ್ರತಿ ಲೀಟರ್ ನೀರು ಮೂರೇ ಜಾಗದಿಂದ ಬರಲು ಸಾಧ್ಯ:

ಒಂದು, ನೆಲದಡಿ ಕೂಡಿಟ್ಟದ್ದರಿಂದ. ಆಗ ಮಟ್ಟ ಇಳಿಯುತ್ತೆ.
ಎರಡು, ಹೆಚ್ಚಾದ ಇಂಗುವಿಕೆಯಿಂದ. ಉದಾಹರಣೆಗೆ, ಪಕ್ಕದ ಕೆರೆ, ಹಳ್ಳದ ನೀರು ಮೊದಲಿಗಿಂತ ಹೆಚ್ಚು ಒಳಗಿಳಿಯುತ್ತೆ.
ಮೂರು, ಮೊದಲು ಸಹಜವಾಗಿ ಹೊರಗೆ ಹರಿದು ಹೋಗುತ್ತಿದ್ದುದರಿಂದ. ಆಗ ಆ ಹೊರಹರಿವು ಕಡಿಮೆಯಾಗುತ್ತೆ.

ನಾಲ್ಕನೇ ಜಾಗ ಇಲ್ಲ. ಮೂರನೆಯದನ್ನು ನಾವು ಮರೆತುಬಿಡ್ತೀವಿ. ಮಡಕಶಿರಾಕ್ಕೆ ಅಂಟಿಕೊಂಡ ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳನ್ನು ನೆನಪಿಸಿಕೊಳ್ಳಿ. ಹಳ್ಳದ, ಕೆರೆಯಂಗಳದ ಮರಳಿನಲ್ಲಿ ಜಿನುಗುವ ನೀರನ್ನು ಸಣ್ಣ ಕಾಲುವೆ ಮಾಡಿ ಊರವರು ಸರದಿಯಲ್ಲಿ ಹೊಲಕ್ಕೆ ಹರಿಸಿಕೊಳ್ಳುತ್ತಿದ್ದರು. ಅದು ನೆಲದಡಿಯ ನೀರಿನ ಸಹಜ ಹೊರಹರಿವು. ಸುತ್ತ ಬೋರುಗಳು ಹೆಚ್ಚಿ ಮಟ್ಟ ಇಳಿದ ಕಡೆ ಆ ಜಿನುಗು ನಿಂತಿತು. "ಮಳೆ ಕಡಿಮೆ ಆಯ್ತು, ಅದಕ್ಕೆ ಬತ್ತಿತು" ಅಂತ ಹೇಳ್ತೀವಿ. ಮಳೆಯ ಪಾಲೂ ಇದೆ. ಆದರೆ ಎಲ್ಲರ ನೀರು ಕೆಲವರ ಪೈಪಿಗೆ ಬಂದದ್ದೂ ನಿಜ.

ಕರಾವಳಿಯಲ್ಲಿ ಇದೇ ನಿಯಮ, ಬೇರೆ ಶಿಕ್ಷೆ

ಈ ಮೂರನೇ ಜಾಗ ಎಲ್ಲಕ್ಕಿಂತ ಚೆನ್ನಾಗಿ ಕಾಣೋದು ಕಡಲ ತೀರದಲ್ಲಿ. ನಮ್ಮ ಮಕ್ಕಳಲ್ಲಿ ಬಹಳ ಜನ ಸಮುದ್ರ ನೋಡಿಲ್ಲ, ಆದರೂ ಈ ಭಾಗ ಬಿಡಬೇಡಿ. ಒತ್ತಡದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಕಡಲಂಚಿನಲ್ಲಿ ನೆಲದಡಿಯ ಸಿಹಿನೀರು ಸಮುದ್ರದ ಕಡೆ ಹರಿಯುತ್ತಿರುತ್ತೆ. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ ನೀರಿನದು ಸುಮಾರು 1.025. ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತೆ. ಸಮುದ್ರಮಟ್ಟಕ್ಕಿಂತ ಎ ಮೀಟರ್ ಮೇಲೆ ಸಿಹಿನೀರಿನ ಮಟ್ಟ ಇದ್ದು, ಸಮುದ್ರಮಟ್ಟದಿಂದ ಆ ಮೀಟರ್ ಕೆಳಗೆ ಎರಡೂ ಸೇರುವ ಗಡಿ ಇದೆ ಅನ್ನಿ. ಗಡಿಯಲ್ಲಿ ಎರಡು ಕಡೆಯ ಒತ್ತಡ ಸಮ:

1.025 × ಆ = 1.000 × (ಆ + ಎ)
0.025 × ಆ = ಎ
ಆ = 40 × ಎ

ಸಮುದ್ರಮಟ್ಟದ ಮೇಲೆ ಒಂದು ಮೀಟರ್ ಸಿಹಿನೀರು ಇದ್ದರೆ ಕೆಳಗೆ ನಲವತ್ತು ಮೀಟರ್ ಸಿಹಿನೀರು. ಹಾಲೆಂಡಿನ ಸೇನಾ ಇಂಜಿನಿಯರ್ ಗೈಬೆನ್ 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ, ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು.

ಈಗ ಪಂಪು ಹಾಕಿ. ಮಟ್ಟ ಒಂದೂವರೆ ಮೀಟರ್ ಇದ್ದಾಗ ಕೆಳಗೆ 60 ಮೀಟರ್ ಸಿಹಿನೀರು. ನೀರೆತ್ತಿ ಮಟ್ಟ ಅರ್ಧ ಮೀಟರಿಗೆ ಇಳಿದರೆ, ಕಾಲ ಕಳೆದು ಸಮತೋಲ ಬಂದಾಗ ಉಳಿಯೋದು 20 ಮೀಟರ್. ಮೇಲೆ ಒಂದು ಮೀಟರ್ ಇಳಿದದ್ದಕ್ಕೆ ಕೆಳಗಿನಿಂದ ಉಪ್ಪು ನಲವತ್ತು ಮೀಟರ್ ಏರಿತು. ಬೋರಿನ ಕೆಳಗೆ ಈ ಉಪ್ಪಿನ ಗಡಿ ತಲೆಕೆಳಗಾದ ಲಾಳಿಕೆಯ ಹಾಗೆ ಮೇಲೇಳುತ್ತೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಕೆಳಗೆ ಹೋಯಿತೋ, ಇಳಿಜಾರೇ ತಿರುಗಿ ಸಮುದ್ರ ಒಳಗೆ ನಡೆಯುತ್ತೆ.

ಎಷ್ಟು ಉಪ್ಪು ಸೇರಿದರೆ ನೀರು ಕೆಡುತ್ತೆ? ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 250, ಬೇರೆ ನೀರೇ ಇಲ್ಲದಿದ್ದರೆ 1,000. ನೂರು ಕೊಡದಲ್ಲಿ ಎರಡು ಕೊಡ ಸಮುದ್ರದ ನೀರು ಸೇರಿದರೆ 380, ಮೊದಲ ಮಿತಿ ದಾಟಿತು. ಆರು ಕೊಡ ಸೇರಿದರೆ 1,140, ಎರಡನೆಯದೂ ದಾಟಿತು.

ಇದು ಪುಸ್ತಕದ ಲೆಕ್ಕ ಮಾತ್ರ ಅಲ್ಲ. ಚೆನ್ನೈ ಉತ್ತರಕ್ಕೆ ಮಿಂಜೂರಿನ ಸುತ್ತ ನಗರಕ್ಕೆ, ಕಾರ್ಖಾನೆಗೆ, ಬೇಸಾಯಕ್ಕೆ ಅಂತ ಬಹಳ ನೀರು ಎತ್ತಿದರು. 1960ರ ದಶಕದ ಕೊನೆಗೆ ಉಪ್ಪುನೀರು ತೀರದಿಂದ ಸುಮಾರು 3 ಕಿ.ಮೀ. ಒಳಗಿತ್ತು, 1980ರ ದಶಕದಲ್ಲಿ ಸುಮಾರು 9 ಕಿ.ಮೀ.ಗೆ ಬಂತು. ನಮ್ಮ ಕನ್ನಡ ಕರಾವಳಿಯಲ್ಲಿ, ಮಂಗಳೂರು, ಉಡುಪಿ, ಕಾಸರಗೋಡಿನ ಕಡೆ, ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಬೀಳುತ್ತೆ, ನಮ್ಮ ಆರು ಪಟ್ಟು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ನದೀಮುಖದ ಹತ್ತಿರದ ಎಷ್ಟೋ ಬಾವಿಗಳು ಉಪ್ಪಾಗುತ್ತವೆ. ಉಬ್ಬರದ ಉಪ್ಪುನೀರು ನದಿಗೆ ಏರದ ಹಾಗೆ ಅಲ್ಲಿಯವರು ಕಿಂಡಿ ಅಣೆಕಟ್ಟು ಕಟ್ಟಿ ಹಲಗೆ ಹಾಕ್ತಾರೆ.

"ಸಮುದ್ರಕ್ಕೆ ಹೋಗೋ ನೀರು ವೇಸ್ಟು" ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ನೆಲದಡಿಯಿಂದ ಕಡಲಿಗೆ ಹರಿಯುವ ಆ ನೀರೇ ಉಪ್ಪನ್ನು ಹೊರಗೆ ತಳ್ಳಿ ನಿಲ್ಲಿಸಿರೋದು.

ನಮಗೆ ಸಮುದ್ರ ದೂರ ಇರಬಹುದು, ಕೆಟ್ಟ ನೀರು ದೂರ ಇಲ್ಲ. ಗ್ರಾನೈಟ್ ಬಿರುಕಿನಲ್ಲಿ ಬಹಳ ಕಾಲ ನಿಂತ ನೀರು ಕಲ್ಲಿನಿಂದ ಫ್ಲೋರೈಡ್ ಬಿಡಿಸಿಕೊಂಡಿರುತ್ತೆ. ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ಅನಂತಪುರ ಜಿಲ್ಲೆಯ ಎಷ್ಟೋ ಊರಿನ ನೀರು ಇದನ್ನು ಮೀರಿದೆ. ಮೇಲಿನ ಹೊಸ ನೀರು ಮುಗಿಸಿ ಆಳದ ಹಳೇ ನೀರಿಗೆ ಪೈಪು ಇಳಿಸಿದಾಗ ಈ ಅಪಾಯ ಹೆಚ್ಚು. ನಮ್ಮ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗೆ ಟೂತ್‌ಪೇಸ್ಟು ಬದಲಿಸಿದರೆ ಪ್ರಯೋಜನ ಇಲ್ಲ, ಕುಡಿಯುವ ನೀರು ಬದಲಿಸಬೇಕು.

ನಮ್ಮ ಎಕರೆಯ ಲೆಕ್ಕ

ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ. ಇಂಥ ಕಲ್ಲುನೆಲದಲ್ಲಿ ನೂರಕ್ಕೆ ಸುಮಾರು 10 ಪಾಲು ಇಂಗುತ್ತೆ ಅಂತ ಹಿಡಿದರೆ 55 ಮಿ.ಮೀ. ಎಕರೆ ಅಂದರೆ ಸುಮಾರು 4,047 ಚದರ ಮೀಟರ್, ಹಾಗಾಗಿ ಎಕರೆಗೆ ಇಂಗುವುದು ಸುಮಾರು 2.2 ಲಕ್ಷ ಲೀಟರ್. ಗರಸಿನಲ್ಲಿ ನೂರಕ್ಕೆ 2 ಪಾಲು ಜಾಗ ಇರೋದರಿಂದ ಇಷ್ಟು ನೀರಿಗೆ ಮಟ್ಟ ಸುಮಾರು 2.75 ಮೀಟರ್ ಏರುತ್ತೆ. ಒಂದು ಒಳ್ಳೆ ಮಳೆಗೆ ಬಾವಿ ಬೇಗ ತುಂಬುತ್ತೆ, ಬೇಗ ಖಾಲಿಯೂ ಆಗುತ್ತೆ ಅನ್ನೋದರ ಗುಟ್ಟು ಇದು.

ಒಂದು ಎಕರೆ ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಕಟ್ಟಿದರೆ 48 ಲಕ್ಷ ಲೀಟರಿಗೂ ಹೆಚ್ಚು. ಎಲ್ಲವೂ ಬೋರಿನಿಂದಲೇ ಬರಬೇಕಾದರೆ ಅದು 22 ಎಕರೆಯ ಇಂಗುನೀರು. ಅರ್ಧ ಮರಳಿ ಇಂಗುತ್ತೆ ಅಂದರೂ 11 ಎಕರೆ. ತುಂಗಭದ್ರಾ ಮೇಲ್ಮಟ್ಟದ ಕಾಲುವೆ ಕೆಳಗಿನ ಭತ್ತದ ವಿಚಾರ ಬೇರೆ. ಬೋರಿನ ಕೆಳಗೆ ಭತ್ತ ನಾಟಿದ ಎಕರೆಗೆ ಉಳಿದ ಹತ್ತಾರು ಎಕರೆಯವರು ನೀರು ಕೊಡ್ತಿದ್ದಾರೆ, ಅವರನ್ನು ಕೇಳದೆ. ಶೇಂಗಾ, ಸಜ್ಜೆ, ನವಣೆಗೆ ಬೇಕಾದದ್ದರಲ್ಲಿ ದೊಡ್ಡ ಪಾಲು ಮಳೆಯೇ ಕೊಡುತ್ತೆ.

ತರಗತಿಯಲ್ಲಿ ಮಾಡಿ ನೋಡಿ

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ತೊಳೆದ ಮರಳು, ಕೈತೊಳೆಯುವ ಸೋಪಿನ ಬಾಟಲಿಯ ಪಂಪು, ನಾಲ್ಕು ಪಾರದರ್ಶಕ ಸ್ಟ್ರಾ. ಪಂಪಿನ ಮತ್ತು ಸ್ಟ್ರಾಗಳ ತುದಿಗೆ ತೆಳು ಬಟ್ಟೆ ಕಟ್ಟಿ, ಪಂಪನ್ನು ಮಧ್ಯದಲ್ಲೂ ಸ್ಟ್ರಾಗಳನ್ನು ಬೇರೆ ಬೇರೆ ದೂರದಲ್ಲಿ ಡಬ್ಬಿಯ ಗೋಡೆಗೆ ತಾಗಿಸಿಯೂ ನಿಲ್ಲಿಸಿ. ಮರಳು ತುಂಬಿ, ಮುಕ್ಕಾಲು ಮಟ್ಟಕ್ಕೆ ಬಣ್ಣದ ನೀರು ಹಾಕಿ. ಪಂಪು ಒತ್ತುತ್ತಾ ಹೋಗಿ, ಸ್ಟ್ರಾಗಳ ಮಟ್ಟವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ ಇಳಿಯುತ್ತೆ. ಲಾಳಿಕೆ ಮಕ್ಕಳ ಗ್ರಾಫಿನಲ್ಲೇ ಮೂಡುತ್ತೆ.

ಎರಡನೆಯದಕ್ಕೆ ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿ, ಶಾಯಿ ಬೆರೆಸಿ. ಗಾಜಿನ ಲೋಟದಲ್ಲಿ ಅರ್ಧ ಇದನ್ನು ತುಂಬಿ, ಮೇಲೆ ಚಮಚದ ಬೆನ್ನಿಗೆ ತಾಗುವಂತೆ ಸಿಹಿನೀರು ನಿಧಾನ ಬಿಡಿ. ಎರಡು ಪದರ ಬೇರೆಯಾಗಿ ನಿಲ್ಲುತ್ತವೆ. ಈಗ ಗಡಿಗಿಂತ ಸ್ವಲ್ಪ ಮೇಲೆ ಸಿರಿಂಜು ಹಿಡಿದು ಎಳೆಯಿರಿ. ಬಣ್ಣ ಕೆಳಗಿನಿಂದ ಏರಿ ಸಿರಿಂಜಿಗೆ ಬರೋದು ಕಾಣುತ್ತೆ.

ಅಳತೆ ನಮ್ಮ ಕೈಯಲ್ಲೇ ಇದೆ

2002ರ ಆಂಧ್ರಪ್ರದೇಶ ನೀರು, ಭೂಮಿ, ಮರಗಳ ಕಾಯ್ದೆ, ಜನ ವಾಲ್ಟಾ ಅನ್ನೋದು, ಊರಿನ ಕುಡಿಯುವ ನೀರಿನ ಮೂಲದ 250 ಮೀಟರ್ ಒಳಗೆ ಹೊಸ ಬಾವಿ, ಬೋರು ಬೇಡ ಅನ್ನುತ್ತೆ. ಆ ಅಂತರ ಯಾಕೆ ಬೇಕು ಅಂತ ಲಾಳಿಕೆ ನೋಡಿದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕಾನೂನಿಗಿಂತ ಮುಂದೆ ಹೋದ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ. 2000ದ ದಶಕದಲ್ಲಿ ಅನಂತಪುರ ಸೇರಿ ಏಳು ಬರಪೀಡಿತ ಜಿಲ್ಲೆಗಳಲ್ಲಿ, ರೈತರೇ ಅಂತರ್ಜಲ ನಿರ್ವಹಿಸುವ ಯೋಜನೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ನಡೆಯಿತು. ರೈತ ಗಂಡಸರು, ಹೆಂಗಸರು ತಾವೇ ಮಳೆ ಅಳೆದರು, ಬೋರಿನ ಮಟ್ಟ ಅಳೆದರು, ಹಿಂಗಾರಿಗೆ ಮೊದಲು ಒಟ್ಟಿಗೆ ಕೂತು ಇರುವ ನೀರೆಷ್ಟು, ಬೇಕಾದದ್ದೆಷ್ಟು ಅಂತ ಗೋಡೆಯ ಮೇಲೆ ಬರೆದು ಲೆಕ್ಕ ಹಾಕಿದರು. ಯಾವ ಬೆಳೆ ಅಂತ ಯಾರೂ ಅಪ್ಪಣೆ ಕೊಡಲಿಲ್ಲ, ಲೆಕ್ಕ ನೋಡಿ ಅವರವರೇ ತೀರ್ಮಾನಿಸಿದರು.

ಶಾಲೆಯಲ್ಲಿ ಇದರ ಸಣ್ಣ ರೂಪ ಸಾಧ್ಯ. ಒಂದು ಮಳೆಮಾಪಕ, ಊರಿನ ಒಂದೆರಡು ತೆರೆದ ಬಾವಿ, ಗಂಟು ಹಾಕಿದ ಹಗ್ಗ. ಕೇಂದ್ರ ಅಂತರ್ಜಲ ಮಂಡಳಿ ಜನವರಿ, ಮೇ, ಆಗಸ್ಟ್, ನವೆಂಬರ್ ತಿಂಗಳಲ್ಲಿ ಮಟ್ಟ ಅಳೆಯುತ್ತೆ, ನೀವೂ ಅದೇ ತಿಂಗಳು ಹಿಡಿಯಿರಿ. ಅಳೆಯುವಾಗ ದೊಡ್ಡವರು ಜೊತೆಗಿರಲೇಬೇಕು, ಬಾವಿಯ ಕಟ್ಟೆ ಗಟ್ಟಿ ಇರಬೇಕು. ಹೋದ ದಾರಿಯಲ್ಲಿ ಬಾಯಿ ತೆರೆದ ಫೇಲಾದ ಬೋರು ಕಂಡರೆ ಮೊದಲು ಅದನ್ನು ಮುಚ್ಚಿಸಿ.

ಮೂರು ವರ್ಷದ ಹನ್ನೆರಡು ಅಂಕಿಗಳನ್ನು ಶಾಲೆಯ ಗೋಡೆಯ ಮೇಲೆ ಗ್ರಾಫ್ ಮಾಡಿ ಹಾಕಿ, ಪಕ್ಕದಲ್ಲಿ ಮಳೆಯ ಗೆರೆ ಎಳೆಯಿರಿ. ಮಳೆ ಬಂದ ವರ್ಷವೂ ಮಟ್ಟ ಮೇಲೆ ಬಾರದಿದ್ದರೆ ಕಾರಣ ಏನಿರಬಹುದು ಅಂತ ಪೋಷಕರ ಸಭೆಯ ದಿನ ಮಕ್ಕಳೇ ವಿವರಿಸಲಿ. ಇನ್ನೊಂದು ಬೋರಿಗೆ ಸಾಲ ಮಾಡಲು ಹೊರಟ ಅಪ್ಪ ಆ ಗೋಡೆಯ ಮುಂದೆ ಐದು ನಿಮಿಷ ನಿಂತರೂ ನಮ್ಮ ಪಾಠ ಸಾರ್ಥಕ.